ಲೋಕದ ದಾಕ್ಷಿಣ್ಯವೂ ನಮ್ಮ ಮಕ್ಕಳ ಶಾಲೆಯೂ

ಮಳೆಗಾಲವು ಹತ್ತಿರ ಬಂದಿತೆಂದರೆ ನಮ್ಮ ಸೀಮೆಯ ಮನೆಮನೆಗಳಲ್ಲಿ ಎರಡು ಚಿಂತೆಗಳು ತಲೆಯೆತ್ತುವುವು. ಮಾಡಿನ ಒಡೆದ ಹಂಚನ್ನು ಸರಿಪಡಿಸುವುದೊಂದು. ಮಗುವನ್ನು ಯಾವ ಶಾಲೆಗೆ ಸೇರಿಸುವುದೆಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಯನ್ನು ಮನೆಯ ಯಜಮಾನನು ತಾನೇ ಏಣಿಯೇರಿ, ಕೈಯಿಂದ ಮುಟ್ಟಿ ನೋಡಿ ತೀರ್ಮಾನಿಸುವನು. ಎರಡನೆಯದನ್ನು ಬೇಲಿಯಾಚೆಗೆ ಕತ್ತು ಚಾಚಿ, ನೆರೆಮನೆಯ ಅಂಗಳವನ್ನು ನೋಡಿ ತೀರ್ಮಾನಿಸುವನು. ಹಂಚಿನ ವಿಷಯದಲ್ಲಿ ಸ್ವಂತ ಕಣ್ಣನ್ನು ನಂಬುವ ಮನುಷ್ಯನು ಮಗುವಿನ ವಿಷಯದಲ್ಲಿ ನೆರೆಯವನ ಕಣ್ಣನ್ನು ನಂಬುವುದೇಕೆ? ಈ ವಾರ ವಾಚಕರ ಮುಂದೆ ನಾವಿಡಬೇಕೆಂದಿರುವ ವಿಚಾರವು ಇದೇ.

ಕೆಲವು ತಿಂಗಳ ಹಿಂದೆ ಕಾರ್ಕಳದ ಕಡೆಯ ಗೃಹಸ್ಥರೊಬ್ಬರು ಸಾಲದ ಪತ್ರವೊಂದನ್ನು ಬರೆಯಿಸುವುದಕ್ಕಾಗಿ ನಮ್ಮಲ್ಲಿಗೆ ಬಂದಿದ್ದರು. ಅಡವಿಡಬೇಕಾಗಿದ್ದುದು ಹಿರಿಯರಿಂದ ಬಂದ ಸ್ವಲ್ಪ ತೋಟ. ಕಾರಣವನ್ನು ಕೇಳಿದಾಗ, ಮಕ್ಕಳಿಬ್ಬರ ಶಾಲೆಯ ಶುಲ್ಕವೆಂದರು. ಮನೆಯ ಬಳಿ ಶಾಲೆಯಿಲ್ಲವೇ ಎಂದೆವು. "ಇದೆ. ನಾನು ಕಲಿತದ್ದೇ ಅಲ್ಲಿ. ಮಾಸ್ಟ್ರು ಒಳ್ಳೆಯವರೇ, ದೂರುವಂತಿಲ್ಲ" ಎಂದರು. ಹಾಗಾದರೆ ತೋಟವನ್ನು ಅಡವಿಡುವಷ್ಟು ಒತ್ತಾಯವೇನು ಬಂದಿತೆಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲರೂ ಇಂಗ್ಲಿಷ್ ಶಾಲೆಗೆ ಕಳಿಸುವಾಗ ನಾನೊಬ್ಬ ಕಳಿಸದಿದ್ದರೆ ಹೇಗೆ ವಕೀಲರೇ? ನಾಲ್ಕು ಜನ ಏನು ಹೇಳಿಯಾರು?" ಎಂದರು.

ನಮಗೆ ಒಳಗೊಳಗೇ ನಗು ಬಂದಿತ್ತು. ಅದು ಬಹಳ ಹೊತ್ತು ಉಳಿಯಲಿಲ್ಲ. ಏಕೆಂದರೆ, ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯ ಮಗಳನ್ನು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದವರು ನಾವೂ ಆಗಿದ್ದೇವೆ. ಆ ದಿನ ನಾವು ಯಾವ ಪುಸ್ತಕವನ್ನು ನೋಡಿದೆವು? ಯಾವ ಉಪಾಧ್ಯಾಯರ ಪಾಠವನ್ನು ಕೇಳಿದೆವು? ಒಂದನ್ನೂ ಇಲ್ಲ. ನಮ್ಮ ಕೇರಿಯ ತಿರುವಿನಲ್ಲಿ ಬೆಳಗ್ಗೆ ಹಳದಿ ಬಣ್ಣದ ಬಸ್ಸೊಂದು ನಿಲ್ಲುತ್ತಿದ್ದಿತು, ಮಕ್ಕಳು ಹತ್ತುತ್ತಿದ್ದರು, ನಮ್ಮ ಮಗುವೊಂದೇ ಉಳಿದು ನೋಡುತ್ತಿರಬಾರದೆಂದು ಕೊಂಡೊಯ್ದು ಸೇರಿಸಿದೆವು. ಒಂದು ಸಣ್ಣ ಮನೆಯನ್ನು ಕೊಳ್ಳುವವನಿಗೆ ಹಳೆಯ ದಸ್ತಾವೇಜುಗಳನ್ನು ಶೋಧಿಸದೆ ಮುಂಗಡ ಕೊಡಬೇಡಿರೆಂದು ಬುದ್ಧಿಹೇಳುವ ವಕೀಲರು ನಾವು! ನಮ್ಮ ತೀರ್ಥರೂಪರು ಕಾಪುವಿನ ಕಡೆಯ ಕನ್ನಡ ಶಾಲೆಯೊಂದರಲ್ಲಿ ಉಪಾಧ್ಯಾಯರಾಗಿದ್ದವರು. ಅವರು ತೀರಿಕೊಂಡ ಮೇಲೆ ದೊರೆತ ಹಳೆಯ ಕಾಗದಗಳ ಕಟ್ಟೊಂದನ್ನು ಮಗಳು ಕುತೂಹಲದಿಂದ ಬಿಚ್ಚಿದಳು. ಎರಡು ಸಾಲು ತಡವರಿಸಿ ನೋಡಿ, "ಅಪ್ಪಾ, ಅಜ್ಜನದ್ದು ನೀವೇ ಓದಿ ಹೇಳಿ" ಎಂದು ನಮ್ಮ ಕೈಗೆ ಕೊಟ್ಟಳು. ಅಜ್ಜನು ಮೊಮ್ಮಗಳಿಗೆ ಅನುವಾದಕನ ಮುಖಾಂತರ ಮಾತನಾಡಬೇಕಾದ ಸ್ಥಿತಿಯು ನಮ್ಮ ಮನೆಯಲ್ಲಿಯೇ ಬಂದಿತೆಂದು ಆಗ ತಿಳಿಯಿತು.

ಹಾಗಾದರೆ ಈ ನಾಲ್ಕು ಜನರು ಯಾರು? ಅವರನ್ನು ನಾವು ಹುಡುಕಿಕೊಂಡು ಹೊರಟೆವು. ನಮ್ಮ ಕೇರಿಯಲ್ಲಿಯೇ, ಸಲಿಗೆಯಿದ್ದ ಮನೆಗಳಲ್ಲಿ, ಒಬ್ಬೊಬ್ಬರನ್ನೇ ವಿಚಾರಿಸಿದೆವು. ಒಬ್ಬರು ಮೇಲಿನ ಮನೆಯವರನ್ನು ತೋರಿಸಿದರು. ಮೇಲಿನ ಮನೆಯವರು ತಮ್ಮ ಭಾವನವರನ್ನು ತೋರಿಸಿದರು. ಮೂರನೆಯವರೊಬ್ಬರು ನಮ್ಮನ್ನೇ ದಿಟ್ಟಿಸಿ, "ವಕೀಲರೇ ಕಳಿಸಿದ ಮೇಲೆ ನಾವು ಕಳಿಸದಿದ್ದರೆ ಹೇಗೆ ಎಂದು ನಾವೂ ಕಳಿಸಿದ್ದು ಮಾರಾಯ್ರೇ!" ಎಂದುಬಿಟ್ಟರು. ನಾಲ್ಕು ಜನರನ್ನು ಹುಡುಕುತ್ತ ಹೋದ ನಮಗೆ ಆ ನಾಲ್ವರಲ್ಲಿ ಒಬ್ಬರು ನಾವೇ ಎಂಬುದು ಹೀಗೆ ಗೊತ್ತಾಯಿತು. ಅವರಿಗೆ ನಾವು ಲೋಕ, ನಮಗೆ ಅವರು ಲೋಕ. ಪರಸ್ಪರರ ಭಯದಿಂದ ಇಬ್ಬರೂ ಒಂದೇ ದಾರಿಯಲ್ಲಿ ನಡೆದಿದ್ದೆವು. ಇಬ್ಬರಲ್ಲಿ ಒಬ್ಬರೂ ದಾರಿಯನ್ನು ವಿಚಾರಿಸಿರಲಿಲ್ಲ.

ಮನುಷ್ಯನು ಹೀಗೆ ಪರರನ್ನು ಅನುಸರಿಸುವುದಕ್ಕೆ ಮೂರು ಕಾರಣಗಳುಂಟೆಂದು ನಮಗೆ ತೋರುತ್ತದೆ. ಮೊದಲನೆಯದು ಅಜ್ಞಾನ: ತನಗೆ ಗೊತ್ತಿಲ್ಲದ ವಿಷಯದಲ್ಲಿ, ಹತ್ತು ಮಂದಿ ಮಾಡುವುದರಲ್ಲಿ ಏನೋ ಅರ್ಥವಿರಬೇಕೆಂದು ನಂಬುವುದು. ಇದು ತಪ್ಪಲ್ಲ, ಅಪರಿಚಿತ ಊರಿನಲ್ಲಿ ಹೊಳೆಯನ್ನು ದಾಟುವವನು ಊರವರು ದಾಟುವ ಕಡವನ್ನೇ ಹಿಡಿಯುವನು. ಎರಡನೆಯದು ಲಜ್ಜೆ: ತಿಳಿದಿದ್ದರೂ ಬೇರೆಯಾಗಿ ಕಾಣಿಸಿಕೊಳ್ಳಲು ಅಂಜುವುದು. ಮೂರನೆಯದು ದೊಡ್ಡವರ ಅನುಕರಣ: ತನಗಿಂತ ಒಂದು ಮೆಟ್ಟಿಲು ಮೇಲಿರುವವನ ನಡೆಯನ್ನು ನಡೆದರೆ ತಾನೂ ಆ ಮೆಟ್ಟಿಲನ್ನೇರಿದಂತೆ ಎಂದು ಭಾವಿಸುವುದು. ಶ್ರೇಷ್ಠರೆನಿಸಿದವರು ನಡೆದಂತೆ ಇತರರು ನಡೆಯುವರೆಂಬುದನ್ನು ಗೀತೆಯ ಮೂರನೆಯ ಅಧ್ಯಾಯವು ಹೇಳಿಯೇ ಇದೆ. ನಮ್ಮ ನ್ಯಾಯಶಾಸ್ತ್ರವೂ ಈ ಬಲವನ್ನು ಮನ್ನಿಸುತ್ತದೆ. ಒಂದು ಸಮುದಾಯವು ಬಹುಕಾಲದಿಂದ ತಪ್ಪದೆ, ಏಕರೀತಿಯಾಗಿ ಆಚರಿಸಿಕೊಂಡು ಬಂದ ರೂಢಿಗೆ ಕಾನೂನಿನ ಬಲವಿದೆಯೆಂದು 1955ರ ಹಿಂದೂ ವಿವಾಹ ಕಾಯಿದೆಯು ಒಪ್ಪಿದೆ. ನಾಲ್ಕು ಜನರು ಇಂದು ಮಾಡಿದುದು ನಾಳೆ ಪದ್ಧತಿ, ನಾಡಿದ್ದು ಶಾಸನ.

ವಿಜ್ಞಾನಿಗಳೂ ಇದನ್ನು ತೂಗಿ ನೋಡಿದ್ದಾರೆ. ಅಮೆರಿಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞನು 1951ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಜಗತ್ಪ್ರಸಿದ್ಧವಾಗಿದೆ. ಒಂದು ಗೆರೆಯನ್ನು ತೋರಿಸಿ, ಬೇರೆ ಮೂರು ಗೆರೆಗಳಲ್ಲಿ ಅದಕ್ಕೆ ಸಮವಾದುದು ಯಾವುದೆಂದು ಕೇಳುವುದು, ಪ್ರಶ್ನೆಯಿಷ್ಟೇ. ಚಿಕ್ಕ ಮಗುವೂ ಹೇಳಬಲ್ಲುದು. ಆದರೆ ಕೊಠಡಿಯಲ್ಲಿದ್ದವರಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಮೊದಲೇ ಸಂಕೇತ ಮಾಡಿಕೊಂಡವರು. ಅವರು ಒಬ್ಬರಾದ ಮೇಲೊಬ್ಬರು ಒಂದೇ ತಪ್ಪು ಉತ್ತರವನ್ನು ಗಟ್ಟಿಯಾಗಿ ಹೇಳುವರು. ಕೊನೆಗೆ ಆ ಒಬ್ಬ ಅಮಾಯಕನ ಸರದಿ. ಇಂಥ ಪ್ರಸಂಗಗಳಲ್ಲಿ ಸುಮಾರು ಮೂರರಲ್ಲೊಂದು ಉತ್ತರವು ಗುಂಪಿನ ತಪ್ಪನ್ನೇ ಅನುಸರಿಸಿತು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ತಮ್ಮ ಕಣ್ಣಿಗೆ ಸುಳ್ಳಾಡಿದರು. ಕಾಲೇಜಿನಲ್ಲಿ ಓದುತ್ತಿದ್ದ ತರುಣರು ಅವರು. ಅಲ್ಲಿ ಯಾರೂ ಬೆದರಿಸಲಿಲ್ಲ, ಯಾರೂ ಹಣ ಕೊಡಲಿಲ್ಲ. ಸುತ್ತಲಿನವರ ಒಮ್ಮತವೇ ಸಾಕಾಯಿತು. ಆದರೆ ಈ ಪ್ರಯೋಗದ ಇನ್ನರ್ಧವನ್ನು ವಾಚಕರು ಮರೆಯತಕ್ಕದ್ದಲ್ಲ. ಗುಂಪಿನಲ್ಲಿ ಒಬ್ಬನೇ ಒಬ್ಬನು ಸರಿಯಾದ ಉತ್ತರವನ್ನು ಹೇಳುವಂತೆ ಮಾಡಿದಾಗ, ಆ ಅಮಾಯಕನು ಗುಂಪಿಗೆ ತಲೆಬಾಗುವುದು ಬಹಳ ಮಟ್ಟಿಗೆ ನಿಂತುಹೋಯಿತು. ಜೊತೆಗೊಬ್ಬನಿದ್ದರೆ ಸಾಕು, ಮನುಷ್ಯನಿಗೆ ತನ್ನ ಕಣ್ಣಿನಲ್ಲಿ ನಂಬಿಕೆ ಮರಳಿ ಬರುವುದು. ಈ ಮಾತಿಗೆ ನಾವು ಮುಂದೆ ತಿರುಗಿ ಬರುವೆವು.

ಅಮೆರಿಕದ ಪ್ರಯೋಗವು ಹಾಗಿರಲಿ. ಲೋಕದ ಈ ಸ್ವಭಾವವನ್ನು ಅದಕ್ಕೆ ಅರ್ಧ ಶತಮಾನ ಮೊದಲೇ ಉಡುಪಿಯಲ್ಲಿ ಒಬ್ಬ ಬಡ ಉಪಾಧ್ಯಾಯರು ಅರಿತಿದ್ದರು. ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿ, ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯರಾಗಿದ್ದ ಲಕ್ಷ್ಮೀನಾರಣಪ್ಪನವರು ತಮ್ಮ ಕೃತಿಗಳನ್ನು ತಮ್ಮ ಹೆಸರಿನಲ್ಲಿ ಪ್ರಕಟಪಡಿಸಲಿಲ್ಲ. ಮುದ್ದಣನೆಂಬ ಹಳೆಯ ಕವಿಯೊಬ್ಬನದೆಂದೂ ಮಹಾಲಕ್ಷ್ಮಿ ಎಂಬಾಕೆಯದೆಂದೂ ಹೇಳಿ ಮೈಸೂರಿನ ವಿದ್ವಾಂಸರ ಪತ್ರಿಕೆಗೆ ಕಳುಹಿಸಿದರು. ವಿದ್ವಾಂಸರು ಅವನ್ನು ಪ್ರಾಚೀನ ಗ್ರಂಥಗಳೆಂದು ಆದರದಿಂದ ಅಚ್ಚುಮಾಡಿದರು. ಕರ್ತೃವು 1901ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಕ್ಷಯರೋಗದಿಂದ ತೀರಿಕೊಂಡು ವರ್ಷಗಳು ಕಳೆದ ಮೇಲೆ ನಿಜವು ಲೋಕಕ್ಕೆ ತಿಳಿಯಿತು. ಆ ಕವಿಯ ಅಂತರಂಗವು ಏನಿದ್ದಿತೋ ನಾವರಿಯೆವು. ಆದರೆ ಅವರು ಕಲಿಸಿದ ಪಾಠವು ಸ್ಪಷ್ಟವಾಗಿದೆ. ಉಡುಪಿಯ ವ್ಯಾಯಾಮದ ಮಾಸ್ಟ್ರ ಕೈಯಿಂದ ಬಂದರೆ ಸಂದೇಹಕ್ಕೆ ಒಳಗಾಗಬಹುದಾಗಿದ್ದ ಬರಹವು ಪ್ರಾಚೀನನ ಹೆಸರಿನಿಂದ ಬಂದಾಗ ಪೂಜ್ಯವಾಯಿತು. ಬರಹವು ಅದೇ, ಅಕ್ಷರಗಳು ಅವೇ, ಬದಲಾದುದು ಹೆಸರು. ಇಂದು ಶಾಲೆಯ ಫಲಕದ ಮೇಲಿನ ಹೆಸರನ್ನು ಓದಿ ಒಳಗಿನ ಪಾಠವನ್ನು ಅಳೆಯುವ ನಾವು ಅದಕ್ಕಿಂತ ಬೇರೆಯೇನು ಮಾಡುತ್ತಿದ್ದೇವೆ?

ಹೀಗೆಂದ ಮಾತ್ರಕ್ಕೆ ಪರರ ಪ್ರಭಾವವೆಲ್ಲವೂ ಕೇಡೆಂದು ಬಗೆಯತಕ್ಕದ್ದಲ್ಲ. ಅದೇ ಬಲವು ನಮ್ಮ ಸೀಮೆಗೆ ಮಾಡಿದ ಉಪಕಾರವು ಅಲ್ಪವಲ್ಲ. ಕೈಮಗ್ಗದ ನೇಕಾರರು ಸಂಕಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ. ಎಂ. ಎ. ಪೈ ಎಂಬ ಮೂವರು ಉಡುಪಿಯಲ್ಲಿ ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಬ್ಯಾಂಕೊಂದನ್ನು ತೆರೆದರು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಏಜೆಂಟನು ಪ್ರತಿದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಬರೆದುಕೊಂಡು ಹೋಗುವ ಏರ್ಪಾಡು ಅದು. ಉಳಿತಾಯವು ಒಳ್ಳೆಯದೆಂದು ಅದಕ್ಕೆ ಮೊದಲು ಜನರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದಿತು. ಆದರೆ ಪಕ್ಕದ ಅಂಗಡಿಯವನು ದಿನದಿನವೂ ಕಣ್ಣೆದುರಿಗೆ ಕೊಡುವುದನ್ನು ಕಂಡ ಮೇಲೆ ಇವನ ಕೈಯೂ ಗಲ್ಲಾಪೆಟ್ಟಿಗೆಗೆ ಹೋಯಿತು. ನೂರು ಉಪದೇಶಗಳು ಮಾಡದ ಕೆಲಸವನ್ನು ನೆರೆಯವನ ಎರಡಾಣೆಯು ಮಾಡಿತೆಂದು ನಾವು ಭಾವಿಸುತ್ತೇವೆ. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಹಬ್ಬಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ದಿನವೂ ಸ್ವಲ್ಪ ತೆಗೆದಿಡುವ ಅಭ್ಯಾಸವು ಈ ಮಣ್ಣಿನಲ್ಲಿ ಉಳಿದಿದೆ.

ಹಾಗೆಯೇ ಮಲವನ್ನು ಮನುಷ್ಯರ ತಲೆಯ ಮೇಲೆ ಹೊರಿಸುವ ಹೇಯ ಪದ್ಧತಿಯನ್ನು ನೋಡಿರಿ. ಎಲ್ಲ ಊರುಗಳಲ್ಲಿಯೂ ಇರುವುದು, ಆದುದರಿಂದ ನಮ್ಮ ಊರಿನಲ್ಲಿಯೂ ಇರತಕ್ಕದ್ದು ಎಂದು ಸಜ್ಜನರೂ ಅದನ್ನು ಸಹಿಸಿಕೊಂಡಿದ್ದರು. 1968ರ ಬಳಿಕ ಉಡುಪಿಯ ಪುರಸಭೆಯು ಅದನ್ನು ನಿಲ್ಲಿಸಲು ಹೊರಟಿತು. ದೇಶಕ್ಕೆ ಅದರ ಕಾನೂನು ಬಂದುದು 1993ರಲ್ಲಿ. ಎಲ್ಲರೂ ಮಾಡುತ್ತಿರುವರೆಂಬ ಸಮಾಧಾನವನ್ನು ಒಂದು ಊರು ಕೈಬಿಟ್ಟಿತೆಂದರೆ ಉಳಿದ ಊರುಗಳ ಸಮಾಧಾನವೂ ಅಲ್ಲಾಡತೊಡಗುವುದು.

ಶಾಲೆಯ ವಿಷಯದಲ್ಲಿಯೂ ಇಂಥ ದೃಷ್ಟಾಂತವು ನಮ್ಮ ನಾಡಿನಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಧಾರವಾಡದ ಸೀಮೆಯಲ್ಲಿ ಗೌರವದ ಭಾಷೆಯು ಮರಾಠಿಯಾಗಿದ್ದಿತು. ಕಚೇರಿಯ ದೊಡ್ಡವರು ಮರಾಠಿಯನ್ನು ಆಡುತ್ತಿದ್ದರು; ಶಾಲೆಗಳು ಮರಾಠಿಯಲ್ಲಿ ನಡೆಯುತ್ತಿದ್ದುವು; ಮನೆಯಲ್ಲಿ ಕನ್ನಡವಾಡುವ ಮಕ್ಕಳು ಅಲ್ಲಿ ಮರಾಠಿಯಲ್ಲಿ ಅಂಕಿಗಳನ್ನು ಎಣಿಸುತ್ತಿದ್ದರು. ಕನ್ನಡದಲ್ಲಿ ಕಲಿತರೆ ಅನ್ನವುಂಟೇ ಎಂಬ ಮಾತು ಅಂದೂ ಇದ್ದಿತು. ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚೆನ್ನಬಸಪ್ಪನವರು ಈ ಪ್ರವಾಹಕ್ಕೆ ಎದುರಾಗಿ ನಿಂತರು. ಅವರು ಬರಿಯ ಭಾಷಣವನ್ನು ಮಾಡಲಿಲ್ಲ. ಕನ್ನಡ ಶಾಲೆಗಳನ್ನು ತೆರೆಯಿಸಿದರು, ಉಪಾಧ್ಯಾಯರನ್ನು ತರಬೇತು ಮಾಡಿದರು, ತಾವೇ ಪುಸ್ತಕಗಳನ್ನು ಬರೆದರು. ರಸೆಲ್ ಎಂಬ ಆಂಗ್ಲ ಅಧಿಕಾರಿಯೂ ಅವರಿಗೆ ನೆರವಾದರು. ಚೆನ್ನಬಸಪ್ಪನವರು 1881ರಲ್ಲಿ ನಾಲ್ವತ್ತೇಳನೆಯ ವಯಸ್ಸಿನಲ್ಲಿ ಕಾಲವಾದರು. ಅವರು ಹಾಕಿದ ಬುನಾದಿಯ ಮೇಲೆಯೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಏರ್ಪಟ್ಟಿತು. ಆಲೂರ ವೆಂಕಟರಾಯರಂಥವರು ಹರಿದು ಹಂಚಿಹೋದ ಕನ್ನಡಿಗರಿಗೆ ನಾವೊಂದು ನಾಡೆಂಬ ನಂಬಿಕೆಯನ್ನು ಕಲಿಸಿದರು. 1956ರ ನವೆಂಬರ್ 1ರಂದು ಮದರಾಸಿನ ಕೈಯಲ್ಲಿದ್ದ ನಮ್ಮ ದಕ್ಷಿಣ ಕನ್ನಡವೂ ಮುಂಬಯಿಯ ಕೈಯಲ್ಲಿದ್ದ ಧಾರವಾಡವೂ ಒಂದಾದುವು. ಪ್ರಾಂತದ ಏಕೀಕರಣವೆಂಬುದು ಮೊದಲು ಕೆಲವೇ ವಕೀಲರ, ಉಪಾಧ್ಯಾಯರ ಹುಚ್ಚಾಗಿದ್ದಿತು. ಒಬ್ಬರಿಂದೊಬ್ಬರಿಗೆ ಹರಡಿ ನಾಡಿನ ಸಂಕಲ್ಪವಾಯಿತು. ಹಿಂದಿನವರು ತಿರುಗಿಸಿದ ಪ್ರವಾಹವನ್ನು ನಾವು ಇಂದು ಸಹಜಧರ್ಮವೆಂದು ಬಗೆದು ಅದರೊಡನೆ ತೇಲುತ್ತಿರುವುದು ನಾಚಿಕೆಗೇಡಲ್ಲವೇ?

ಕಾನೂನಿನಿಂದ ಇದಕ್ಕೆ ಪರಿಹಾರವಾಗದೇ ಎಂದು ಕೇಳುವವರಿದ್ದಾರೆ. ಪ್ರಯತ್ನವು ನಡೆದುಹೋಗಿದೆ. 1994ರಲ್ಲಿ ಕರ್ನಾಟಕ ಸರ್ಕಾರವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವೆಂದು ಆಜ್ಞೆ ಮಾಡಿತು. 2008ರಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಅನುದಾನರಹಿತ ಶಾಲೆಗಳಿಗೆ ಅದು ಅನ್ವಯಿಸದೆಂದಿತು. ಕೊನೆಗೆ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನಪೀಠವು, ಮಾಧ್ಯಮವನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯವು ಮಗುವಿನ ಪರವಾಗಿ ತಂದೆತಾಯಿಗಳದೆಂದೂ ಸರ್ಕಾರವು ಅದನ್ನು ಹೇರಲಾಗದೆಂದೂ ತೀರ್ಪಿತ್ತಿತು. ವಕೀಲರಾಗಿ ನಾವು ಆ ತೀರ್ಪಿಗೆ ತಲೆಬಾಗುತ್ತೇವೆ. ಬಲಾತ್ಕಾರದಿಂದ ಕಲಿಸಿದ ಭಾಷೆಯ ಮೇಲೆ ಪ್ರೀತಿ ಹುಟ್ಟುವುದೂ ದುರ್ಲಭ. ಆದರೆ ನ್ಯಾಯಾಲಯವು ನಮಗೆ ಕೊಟ್ಟುದು ಆಯ್ಕೆಯ ಸ್ವಾತಂತ್ರ್ಯ. ಆ ಸ್ವಾತಂತ್ರ್ಯವನ್ನು ನಾವು ಉಪಯೋಗಿಸಿದ್ದೇವೆಯೇ? ಕಾರ್ಕಳದ ಆ ಗೃಹಸ್ಥರು ತೋಟವನ್ನು ಅಡವಿಟ್ಟುದು ಆಯ್ಕೆಯೇ? ಹಳದಿ ಬಸ್ಸಿನ ಮುಂದೆ ನಾವು ಸೋತುದು ಆಯ್ಕೆಯೇ? ಸರ್ಕಾರದ ಒತ್ತಾಯವನ್ನು ತಡೆಯಲು ನ್ಯಾಯಾಲಯವಿದೆ. ನೆರೆಯವರ ಒತ್ತಾಯವನ್ನು ತಡೆಯಲು ಯಾವ ನ್ಯಾಯಾಲಯವಿದೆ? ಸರ್ಕಾರದ ಸ್ಥಿತಿಯೂ ನಮ್ಮದಕ್ಕಿಂತ ಬೇರೆಯಲ್ಲ. 1994ರಲ್ಲಿ ಕನ್ನಡವನ್ನು ಕಡ್ಡಾಯ ಮಾಡಹೊರಟ ಅದೇ ಸರ್ಕಾರವು, ಮಕ್ಕಳು ಖಾಸಗಿ ಶಾಲೆಗಳಿಗೆ ಹೋಗುವರೆಂಬ ಭಯದಿಂದ, 2019ರಲ್ಲಿ ತನ್ನದೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಅರಸನೂ ಬೇಲಿಯಾಚೆಗೆ ಕತ್ತು ಚಾಚಿದನು!

ಈಗ ಎದುರುವಾದಗಳನ್ನು ಪರಿಶೀಲಿಸೋಣ. ಪ್ರತಿವಾದಿಯ ಮಾತನ್ನು ಕೇಳದೆ ತೀರ್ಪು ಕೊಡುವುದು ನಮ್ಮ ವೃತ್ತಿಗೆ ಒಪ್ಪುವುದಿಲ್ಲ. "ಇಂಗ್ಲಿಷ್ ಬಾರದಿದ್ದರೆ ಉದ್ಯೋಗವಿಲ್ಲ, ಮಣಿಪಾಲವನ್ನು ನೋಡಿರಿ" ಎನ್ನುವರು. ಇದು ಹಗುರಾದ ಮಾತಲ್ಲ. 1953ರಲ್ಲಿ ಡಾಕ್ಟರ್ ಪೈಯವರು ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ತೆರೆದ ಮೇಲೆ ಮಣಿಪಾಲವು ದೇಶವಿದೇಶಗಳ ವಿದ್ಯಾರ್ಥಿಗಳ ಊರಾಯಿತು. ಆ ಗುಡ್ಡದ ಕೆಳಗಿನ ಊರುಗಳ ತಾಯಂದಿರು ಮೇಲೆ ನೋಡಿದಾಗ ಇಂಗ್ಲಿಷಾಡುವವರ ಅಭ್ಯುದಯವು ಕಣ್ಣಿಗೆ ಬೀಳುವುದು. ಬಡವನಿಗೆ ಈ ಆಸೆಯನ್ನು ಬಿಡೆಂದು ಹೇಳಲು ನಮಗೆ ಬಾಯಿಲ್ಲ. ಆದರೆ ಇಂಗ್ಲಿಷನ್ನು ಕಲಿಯುವುದು ಬೇರೆ, ಇಂಗ್ಲಿಷಿನಲ್ಲಿಯೇ ಎಲ್ಲವನ್ನೂ ಕಲಿಯುವುದು ಬೇರೆ. ತಿಳಿಯದ ಭಾಷೆಯಲ್ಲಿ ಲೆಕ್ಕವನ್ನು ಕಲಿಯುವ ಮಗುವು ಅನೇಕ ವೇಳೆ ಲೆಕ್ಕವನ್ನೂ ಕಲಿಯದು, ಭಾಷೆಯನ್ನೂ ಕಲಿಯದು. ಬಾಯಿಪಾಠವನ್ನು ಮಾತ್ರ ಕಲಿಯುವುದು. ಮಗುವು ಮೊದಲು ತಾನರಿತ ಭಾಷೆಯಲ್ಲಿ ಕಲಿಯತಕ್ಕದ್ದೆಂದು ಯುನೆಸ್ಕೋ ಸಂಸ್ಥೆಯು 1953ರಲ್ಲಿಯೇ ಸಾರಿತು. ನಮ್ಮ ದೇಶದ 2020ರ ಶಿಕ್ಷಣನೀತಿಯೂ ಸಾಧ್ಯವಿದ್ದಲ್ಲೆಲ್ಲ ಐದನೆಯ ತರಗತಿಯವರೆಗಾದರೂ ಮನೆಮಾತು ಅಥವಾ ಪ್ರದೇಶದ ಭಾಷೆಯೇ ಮಾಧ್ಯಮವಾಗಿರಲೆಂದಿದೆ. ಮಣಿಪಾಲವನ್ನು ಕಟ್ಟಿದ ಆ ಮಹನೀಯರೇ ಉಡುಪಿಯಲ್ಲಿ 1949ರಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನೂ ತೆರೆದರು. ಅದರ ಆವರಣದಲ್ಲಿಯೇ ಗೋವಿಂದ ಪೈಗಳ ಹೆಸರಿನ ಸಂಶೋಧನ ಕೇಂದ್ರವೂ ಆರು ಸಂಪುಟಗಳ ತುಳು ನಿಘಂಟೂ ಬೆಳೆದುವು. ಗುಡ್ಡವನ್ನು ಅನುಕರಿಸುವವರು ಅದರ ಅರ್ಧವನ್ನೇ ಏಕೆ ಅನುಕರಿಸಬೇಕು?

ಇನ್ನೊಂದು ಆಕ್ಷೇಪವು ಹೆಚ್ಚು ಸೂಕ್ಷ್ಮವಾದುದು. "ನಮ್ಮ ಮನೆಮಾತು ತುಳು, ಕೆಲವರದು ಕೊಂಕಣಿ, ಕೆಲವರದು ಬ್ಯಾರಿ. ಕನ್ನಡವೂ ನಮಗೆ ಶಾಲೆಯಲ್ಲಿ ಕಲಿತ ಭಾಷೆಯೇ. ಹಾಗಿರುವಲ್ಲಿ ಇಂಗ್ಲಿಷನ್ನು ಕಲಿತರೆ ವ್ಯತ್ಯಾಸವೇನು?" ಎನ್ನುವರು. ವ್ಯತ್ಯಾಸವುಂಟು. ನಮ್ಮ ಮಗುವು ಶಾಲೆಗೆ ಹೋಗುವ ಮೊದಲೇ ಕನ್ನಡವನ್ನು ಪೇಟೆಯಲ್ಲಿ ಕೇಳಿರುವುದು, ರಾತ್ರಿಯ ಯಕ್ಷಗಾನದಲ್ಲಿ ಅಜ್ಜನ ತೊಡೆಯ ಮೇಲೆ ತೂಕಡಿಸುತ್ತ ಕೇಳಿರುವುದು. ಪಂಜೆ ಮಂಗೇಶರಾಯರೂ ಗೋವಿಂದ ಪೈಗಳೂ ಕೊಂಕಣಿಯ ಮನೆಗಳಿಂದ ಬಂದು, ಕಯ್ಯಾರ ಕಿಞ್ಞಣ್ಣ ರೈಗಳು ತುಳುವಿನ ಮನೆಯಿಂದ ಬಂದು ಕನ್ನಡವನ್ನು ಬೆಳಗಿದರು. ಅದರಿಂದ ಅವರ ಮನೆಮಾತು ಬಡವಾಗಲಿಲ್ಲ. ಇಂದು ನಮ್ಮ ಮನೆಗಳಲ್ಲಿ ಕನ್ನಡವನ್ನು ಹೊರಗೆ ಹಾಕಿದ ಕೈಯೇ ತುಳುವನ್ನೂ ಹೊರಗೆ ಹಾಕುತ್ತಿದೆ. ಮಗುವಿನೊಡನೆ ಮನೆಯಲ್ಲಿಯೂ ಇಂಗ್ಲಿಷಾಡಿರೆಂದು ಯಾರೋ ಹೇಳಿದರೆಂದು, ತಾವೇ ಸರಿಯಾಗಿ ಆಡಲಾರದ ಭಾಷೆಯಲ್ಲಿ ಮಗುವನ್ನು ಮುದ್ದಿಸುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ. ಮುದ್ದಿಗೂ ಅನುಮತಿಯೇ!

ದೋಷವು ಬಡವರದಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ನಮ್ಮ ಜಿಲ್ಲೆಯು ವಿದ್ಯೆಯಲ್ಲಿ ಹಿಂದುಳಿದುದಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ನೂರಕ್ಕೆ 75ರಷ್ಟಿದ್ದಾಗ ಉಡುಪಿ ಜಿಲ್ಲೆಯದು 86ರಷ್ಟಿದ್ದಿತು. ಆ ವಿದ್ಯೆಯನ್ನು ಕೊಟ್ಟುವುಗಳಲ್ಲಿ ಹಂಚಿನ ಮಾಡಿನ ಕನ್ನಡ ಶಾಲೆಗಳೇ ಮೊದಲಿನವು. ಅವುಗಳನ್ನು ಮೊದಲು ಬಿಟ್ಟುಹೋದವರು ನಾವು: ವಕೀಲರು, ವೈದ್ಯರು, ಬ್ಯಾಂಕಿನ ನೌಕರರು. ನಮ್ಮ ಹಿಂದೆ ಅಂಗಡಿಕಾರರು ಹೋದರು. ಅವರ ಹಿಂದೆ ಕಾಪುವಿನ ಮೀನುಗಾರರೂ ಕಾರ್ಕಳದ ಕೃಷಿಕರೂ ಸಾಲ ಮಾಡಿ ಹೋದರು. ದೊಡ್ಡವರು ಬಿಟ್ಟ ಶಾಲೆಗೆ ಕೇಳುವವರಿಲ್ಲವಾಯಿತು. ಕೇಳುವವರಿಲ್ಲದುದರಿಂದ ಉಪಾಧ್ಯಾಯರು ಕಡಮೆಯಾದರು. ಉಪಾಧ್ಯಾಯರು ಕಡಮೆಯಾದುದರಿಂದ, ನೋಡಿದಿರಾ, ಆ ಶಾಲೆ ಚೆನ್ನಾಗಿಲ್ಲವೆಂದು ನಾವೇ ಹೇಳಿದೆವು! ಮನ್ನಿಸಬೇಕು, ಕನ್ನಡ ಶಾಲೆಗಳ ಉಪಾಧ್ಯಾಯ ಮಹಾಶಯರಲ್ಲಿಯೂ ಒಂದು ಮಾತಿದೆ. ತಮ್ಮಲ್ಲಿ ಅನೇಕರ ಮಕ್ಕಳು ಓದುತ್ತಿರುವುದು ಎಲ್ಲಿ? ಅಡಿಗೆಯವನೇ ತನ್ನ ಅಡಿಗೆಯನ್ನು ಉಣ್ಣದಿದ್ದರೆ ಪಂಕ್ತಿಯಲ್ಲಿ ಕುಳಿತವರು ಎಲೆಯನ್ನು ಮಡಚುವುದರಲ್ಲಿ ಆಶ್ಚರ್ಯವೇನು?

ಆದುದರಿಂದ ಪರಿಹಾರವನ್ನೂ ರೋಗವು ಬಂದ ದಾರಿಯಲ್ಲಿಯೇ ತರಬೇಕು. ಒಂಟಿಯಾಗಿ ನಿಲ್ಲೆಂದು ಒಬ್ಬ ತಂದೆಗೆ ಉಪದೇಶಿಸುವುದು ನಿಷ್ಫಲ. ಒಂಟಿ ಮಗುವನ್ನು ಬಲಿಕೊಡಲು ಯಾವ ತಾಯಿಯೂ ಒಪ್ಪಳು. ಜೊತೆಗೊಬ್ಬನಿದ್ದರೆ ಸಾಕೆಂದು ಹಿಂದೆ ಹೇಳಿದೆವಷ್ಟೆ. ಒಂದು ಕೇರಿಯ ಐದು ಅಥವಾ ಹತ್ತು ಮನೆಗಳವರು ಶಾಲೆಯು ತೆರೆಯುವ ಮೊದಲೇ ಒಟ್ಟಿಗೆ ಕುಳಿತು ಮಾತನಾಡಲಿ. ಹತ್ತು ಮಕ್ಕಳು ಒಂದೇ ದಿನ, ಒಂದೇ ಕೊಡೆಗಳ ಸಾಲಿನಲ್ಲಿ, ಹತ್ತಿರದ ಕನ್ನಡ ಶಾಲೆಗೆ ನಡೆಯಲಿ. ಆಗ ನೋಡುವ ನಾಲ್ಕು ಜನರಿಗೆ ಅದೇ ಲೋಕವಾಗಿ ಕಾಣುವುದು. ಆ ಹತ್ತು ಮನೆಗಳವರು ಶಾಲೆಯ ಅಭಿವೃದ್ಧಿ ಸಮಿತಿಯಲ್ಲಿ ಕುಳಿತು, ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಬಲ್ಲ ಉಪಾಧ್ಯಾಯರು ಬೇಕೆಂದು ಇಲಾಖೆಯನ್ನು ಪೀಡಿಸಲಿ. ಸಿಗದಿದ್ದಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘದಿಂದ ಗೌರವಧನ ಕೊಟ್ಟು ಒಬ್ಬರನ್ನು ತರಲಿ. ಮುಂಬಯಿಯಲ್ಲಿಯೂ ಕೊಲ್ಲಿಯ ದೇಶಗಳಲ್ಲಿಯೂ ಸಂಪಾದಿಸುವ ನಮ್ಮ ಊರವರು ದೇವಸ್ಥಾನದ ಜೀರ್ಣೋದ್ಧಾರಕ್ಕೆ ಪೈಪೋಟಿಯಿಂದ ಕೊಡುವರು. ಕೊಟ್ಟವರ ಹೆಸರು ಶಿಲೆಯಲ್ಲಿ ಕಾಣುವುದೂ ಅದಕ್ಕೊಂದು ಕಾರಣ. ತಪ್ಪೇನು? ಶಾಲೆಯ ಗೋಡೆಯಲ್ಲಿಯೂ ಒಂದು ಶಿಲೆಯನ್ನು ನೆಡೋಣ. ಮನುಷ್ಯನ ದೌರ್ಬಲ್ಯವನ್ನು ಬೈಯುತ್ತ ಕುಳಿತುಕೊಳ್ಳುವುದಕ್ಕಿಂತ ಅದನ್ನು ಒಳ್ಳೆಯ ಕೆಲಸಕ್ಕೆ ಹೂಡುವುದು ಮೇಲು.

ನಮ್ಮ ಮಟ್ಟಿಗೆ ಹೇಳುವುದಾದರೆ, ಹಿರಿಯ ಮಗಳಿಗೆ ಈಗ ಪ್ರತಿರಾತ್ರಿ ಅಜ್ಜನ ಒಂದೊಂದು ಕಾಗದವನ್ನು ಓದಿಸುತ್ತಿದ್ದೇವೆ. ತಡವರಿಸುವುದು ಸ್ವಲ್ಪ ಕಡಮೆಯಾಗಿದೆ. ಕಿರಿಯ ಮಗನಿಗೆ ಬರುವ ಜೂನಿಗೆ ಆರು ತುಂಬುವುದು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕನ್ನಡ ಶಾಲೆಯೊಂದಿದೆ. ಆ ಶಾಲೆಗೆ ಹೋಗಿ ಅರ್ಧ ದಿನ ಪಾಠವನ್ನು ಕೇಳಿ ಬಂದೆವು. ಲೆಕ್ಕವನ್ನು ಹುಣಸೆಬೀಜಗಳಿಂದ ಚೆನ್ನಾಗಿ ಕಲಿಸುತ್ತಿದ್ದರು. ಅವನನ್ನು ಅಲ್ಲಿಗೆ ಸೇರಿಸುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ. ನಮ್ಮನ್ನು ನೋಡಿ ಮಗುವನ್ನು ಇಂಗ್ಲಿಷ್ ಶಾಲೆಗೆ ಕಳಿಸಿದೆವೆಂದ ಆ ನೆರೆಯವರಿಗೂ ಇದನ್ನು ತಿಳಿಸಿದೆವು. ಅವರ ಕಿರಿಯ ಮಗುವಿಗೂ ಅದೇ ವಯಸ್ಸು. "ನೀವು ಕಳಿಸುವುದು ಖಂಡಿತವೋ?" ಎಂದು ಎರಡು ಸಲ ಕೇಳಿದರು. ಖಂಡಿತವೆಂದೆವು. "ಹಾಗಾದರೆ ನೋಡುವ" ಎಂದಿದ್ದಾರೆ.

ಎರಡು ಮನೆಗಳಾದುವೆಂದು ಇನ್ನೂ ಹೇಳುವಂತಿಲ್ಲ, ಒಂದೂವರೆಯಾಗಿವೆ. ವಾಚಕ ಮಹಾಶಯರು ತಮ್ಮ ತಮ್ಮ ಕೇರಿಗಳಲ್ಲಿ ಇನ್ನರ್ಧವನ್ನು ಕೂಡಿಸುವರೆಂದು ನಾವು ನಂಬಿದ್ದೇವೆ. ತಮ್ಮನ್ನು ಯಾರೂ ನೋಡುತ್ತಿಲ್ಲವೆಂದು ಮಾತ್ರ ತಿಳಿಯಬೇಡಿರಿ. ಬೇಲಿಯಾಚೆಯಿಂದ ಯಾರೋ ಒಬ್ಬರು ಕತ್ತು ಚಾಚಿ ನಿಮ್ಮ ಅಂಗಳವನ್ನೇ ನೋಡುತ್ತಿರುವರು.